ಸ್ಪೋರ್ಟ್ಸ್ ಕಾರು ಸಿಗದ ಕಾಲದ ರೇಸು: ಹೆರಾಲ್ಡ್ ಮತ್ತು ಬೆಂಗಳೂರಿನ ಡಾಲ್ಫಿನ್

ಎಂಜಿ ಅಂದರೆ ಈಗಿನ ನಮ್ಮ ಶಾಲೆ ಹುಡುಗರಿಗೆ ನೆನಪಾಗುವುದು ಹೆಕ್ಟರ್ ಎಂಬ ದೊಡ್ಡ ಗಾಡಿ. 2019ರಲ್ಲಿ ನಮ್ಮ ದೇಶಕ್ಕೆ ಬಂತು, ಆ ಹೆಸರು ಈಗ ಚೀನಾದ ಸೈಕ್ ಕಂಪನಿಯದು. ಆದರೆ ಎಂಜಿ ಎಂದರೆ ಮೂಲದಲ್ಲಿ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಅವರ ಕಾರು ಮಾರುವ ಅಂಗಡಿ ಅದು. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ ಎಂಬಾತ 1920ರ ದಶಕದಲ್ಲಿ ಸಾಮಾನ್ಯ ಮಾರಿಸ್ ಕಾರುಗಳ ಮೇಲೆ ಹಗುರವಾದ ಚೆಂದದ ಬಾಡಿ ಕೂರಿಸಿ ಮಾರತೊಡಗಿದ. ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಿಗೆ, ಸೈಕಲ್ಲಿನ ಹಾಗೆ ಕಡ್ಡಿಗಳಿರುವ ಚಕ್ರ. 1945ರಲ್ಲಿ ಬಂದ ಎಂಜಿ ಟಿಸಿ ಕಾರಿಗೆ 1250 ಸಿಸಿ ಎಂಜಿನ್, ಶಕ್ತಿ ಐವತ್ತನಾಲ್ಕು ಅಶ್ವಶಕ್ತಿ ಮಾತ್ರ. ವಾರವೆಲ್ಲ ಅದರಲ್ಲೇ ಕೆಲಸಕ್ಕೆ ಹೋಗಿ, ಭಾನುವಾರ ಅದನ್ನೇ ರೇಸಿಗೆ ಇಳಿಸಿ, ಸಂಜೆ ಅದರಲ್ಲೇ ಮನೆಗೆ ಬರಬಹುದಿತ್ತು. ಆಮೇಲೆ ಆಸ್ಟಿನ್ ಹೀಲಿ ಸ್ಪ್ರೈಟ್ (1958), ಟ್ರಯಂಫ್ ಸ್ಪಿಟ್‌ಫೈರ್, ಎಂಜಿಬಿ (ಇವೆರಡೂ 1962) ಬಂದವು. ಆ ಕಾರು ಇಟ್ಟುಕೊಂಡಿದ್ದ ಮುದುಕರು ಇವತ್ತಿಗೂ ಸೇರಿದ ಕಡೆಯಲ್ಲೆಲ್ಲ ಅದರ ಕಥೆಯನ್ನೇ ಹೇಳುತ್ತಾರಂತೆ. ಎಣ್ಣೆ ಸೋರಿದ್ದು, ಮಳೆಗೆ ನೆನೆದದ್ದು, ಮೂಲೆ ತಿರುಗುವಾಗ ಹಿಂದಿನ ಚಕ್ರ ಜಾರಿದ್ದು... ಎಲ್ಲವೂ ಅವರಿಗೆ ಸುಖದ ನೆನಪು.

ನಮ್ಮಲ್ಲಿ ಇಂಥ ನೆನಪು ಇರುವವರು ಇಲ್ಲವೇ? ಇದ್ದಾರೆ. ಆದರೆ ಅವರ ಕಾರು ಬೇರೆ. ನಾನು ಬರೆಯಹೊರಟಿರುವುದು ಆ ಬೇರೆ ಕಾರಿನ ಬಗ್ಗೆಯೇ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹೊರದೇಶದ ಕಾರುಗಳನ್ನು ತರುವುದಕ್ಕೆ ಕಡಿವಾಣ ಹಾಕಿತು. ಇಲ್ಲೇ ತಯಾರಿಸುವ ಕಾರ್ಯಕ್ರಮ ಇಟ್ಟುಕೊಂಡವರಿಗೆ ಮಾತ್ರ ಅವಕಾಶ ಎಂಬ ನೀತಿ 1950ರ ದಶಕದಲ್ಲಿ ಗಟ್ಟಿಯಾಯಿತು. ಉಳಿದದ್ದು ಮುಖ್ಯವಾಗಿ ಮೂರು ಕಂಪನಿ: ಕಲ್ಕತ್ತೆ ಕಡೆ ಹಿಂದೂಸ್ತಾನ್, ಬೊಂಬಾಯಿಯಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮೂರೂ ಮಾಡಿದ್ದು ಸಂಸಾರಸ್ಥರ ಕಾರು. ಎರಡು ಸೀಟಿನ ಆಟದ ಕಾರನ್ನು ಬಡ ದೇಶವೊಂದು ಯಾಕೆ ಮಾಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ನಾನದನ್ನು ತಪ್ಪು ಎನ್ನುವುದಿಲ್ಲ. ಆದರೆ ರೇಸಿನ ಹುಚ್ಚು ನೀತಿ ಕೇಳಿ ಬರುವಂಥದಲ್ಲವಲ್ಲ! ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲೇ ಹುಟ್ಟಿತು. ಮದರಾಸಿನ ಉತ್ತರಕ್ಕೆ, ಕಲ್ಕತ್ತೆ ರಸ್ತೆಯಲ್ಲಿ ಶೋಲಾವರಂ ಎಂಬಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಇಳಿದಾಣ ಖಾಲಿ ಬಿದ್ದಿತ್ತು. ಅದೇ ರೇಸಿನ ಕಣವಾಯಿತು. ಇಂಗ್ಲೆಂಡಿನಲ್ಲೂ ಹೀಗೇ ಆಗಿತ್ತು ನೋಡಿ. ಪ್ರಸಿದ್ಧವಾದ ಸಿಲ್ವರ್‌ಸ್ಟೋನ್, ಗುಡ್‌ವುಡ್ ಎರಡೂ ಯುದ್ಧದ ಕಾಲದ ವಿಮಾನ ನಿಲ್ದಾಣಗಳೇ, ಎರಡರಲ್ಲೂ ಕಾರು ರೇಸು ಶುರುವಾದದ್ದು 1948ರಲ್ಲಿ. ಯುದ್ಧ ಮುಗಿದು ಉಳಿದ ಕಾಂಕ್ರೀಟಿನ ಮೇಲೆ ಎರಡೂ ದೇಶದ ಹುಡುಗರು ಓಡಿದರು.

ಶೋಲಾವರಂನಲ್ಲಿ ಓಡಿದ ಕಾರುಗಳಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದು. ನಲವತ್ತು ದಾಟಿದವರಿಗೆ ಈ ಗಾಡಿ ನೆನಪಿರಬಹುದು. ಮದರಾಸಿನಲ್ಲಿ 1961ರಿಂದ 1971ರವರೆಗೆ ತಯಾರಾಯಿತು. 948 ಸಿಸಿಯ ಪುಟ್ಟ ಎಂಜಿನ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು (1959) ವಿನ್ಯಾಸ ಮಾಡಿದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಅವನೇ ಅದರ ಷಾಸಿಯನ್ನು ಗಿಡ್ಡ ಮಾಡಿದ ಕಾರಿಗೆ ಎರಡು ಸೀಟಿನ ಬಾಡಿ ಬರೆದುಕೊಟ್ಟ. ಅದೇ ಸ್ಪಿಟ್‌ಫೈರ್. ಅಂದರೆ ನಮ್ಮೂರ ಡಾಕ್ಟರು, ವಕೀಲರು ಓಡಿಸುತ್ತಿದ್ದ ಹೆರಾಲ್ಡು ಇಂಗ್ಲೆಂಡಿನ ಆ ಸ್ಪೋರ್ಟ್ಸ್ ಕಾರಿನ ಒಡಹುಟ್ಟು. ತಮ್ಮ ಅಲ್ಲೇ ಉಳಿದ, ಅಣ್ಣ ಮಾತ್ರ ಇಲ್ಲಿಗೆ ಬಂದ. ಬಂದವನಿಗೆ ನಾವು ಇನ್ನೆರಡು ಬಾಗಿಲು ಬೇರೆ ಸೇರಿಸಿದೆವು! ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತದಲ್ಲಿ ಮಾತ್ರ ತಯಾರಾದದ್ದು.

ಶಿರಾದಲ್ಲಿ ಗ್ಯಾರೇಜು ನಡೆಸುತ್ತಿದ್ದ ಹಿರಿಯರೊಬ್ಬರು ಹೆರಾಲ್ಡಿನ ಮಾತೆತ್ತಿದರೆ ಮೊದಲು ಬಾನೆಟ್ಟಿನ ಬಗ್ಗೆಯೇ ಹೇಳುತ್ತಿದ್ದರು. "ಮೇಷ್ಟ್ರೇ, ಮೂತಿಗೆ ಮೂತಿನೇ ಮುಂದಕ್ಕೆ ಬಗ್ಗೋದು. ಚಕ್ರದ ಮೇಲೆ ಕೂತ್ಕೊಂಡು ಎಂಜಿನ್ ಕೆಲಸ ಮಾಡ್ತಿದ್ವಿ" ಎನ್ನುತ್ತಿದ್ದರು. ನಿಜ, ಮಡ್‌ಗಾರ್ಡು ಸಮೇತ ಇಡೀ ಮುಂಭಾಗ ಎದ್ದು ನಿಲ್ಲುತ್ತಿತ್ತು. ಇಪ್ಪತ್ತೈದು ಅಡಿ ಜಾಗ ಇದ್ದರೆ ಕಾರು ಪೂರ್ತಿ ಸುತ್ತು ತಿರುಗುತ್ತಿತ್ತು. ಆಟೋರಿಕ್ಷಾ ತಿರುಗಿದ ಹಾಗೆ ಎನ್ನಿ.

ಅಪಾಯ ಇದ್ದದ್ದು ಹಿಂದೆ. ಎತ್ತಿನ ಗಾಡಿಯ ಎರಡು ಚಕ್ರಕ್ಕೂ ಒಂದೇ ಅಚ್ಚು ಇರುತ್ತದಲ್ಲ, ಹೆರಾಲ್ಡಿನಲ್ಲಿ ಹಾಗಿಲ್ಲ. ಹಿಂದಿನ ಒಂದೊಂದು ಚಕ್ರಕ್ಕೂ ಒಂದೊಂದು ತುಂಡು ಅಚ್ಚು, ಅವು ನಡುವಿನಿಂದ ರೆಕ್ಕೆ ಹಾಗೆ ಮೇಲೆ ಕೆಳಗೆ ಆಡುತ್ತವೆ. ಮೇಲೆ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗು. ಹಳ್ಳದ ರಸ್ತೆಯಲ್ಲಿ ಸುಖ. ಆದರೆ ವೇಗವಾಗಿ ಬಂದು ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಕಾರಿನಡಿ ಮಡಚಿಕೊಳ್ಳುತ್ತದೆ, ಕಾರು ಗಿರ್ರನೆ ತಿರುಗಿ ನಿಲ್ಲುತ್ತದೆ. ಕೆಲವೊಮ್ಮೆ ಮಗುಚುತ್ತದೆ. ತಿರುವಿನಲ್ಲಿ ಕಾಲು ತೆಗೆಯಬಾರದು ಎಂಬುದು ಹೆರಾಲ್ಡ್ ಓಡಿಸುವವರ ಮೊದಲ ಪಾಠ. ಹೆದರಿದಾಗ ಕಾಲು ತಾನಾಗಿ ಮೇಲೇಳುತ್ತದೆ, ಅದನ್ನು ಏಳಗೊಡಬಾರದು! ಸ್ಪಿಟ್‌ಫೈರ್ ಓಡಿಸಿದ ಇಂಗ್ಲಿಷರಿಗೂ ಇದೇ ಪಾಠವಾಗಿತ್ತು. 1972ರಲ್ಲಿ ಹೆರಾಲ್ಡಿನ ಜಾಗಕ್ಕೆ ಗೆಝಲ್ ಬಂದಾಗ ಸ್ಟ್ಯಾಂಡರ್ಡ್ ಕಂಪನಿ ಈ ರೆಕ್ಕೆ ಅಚ್ಚನ್ನು ಬಿಟ್ಟು ಗಟ್ಟಿ ಅಚ್ಚು ಹಾಕಿತು.

ರೇಸಿಗೆ ತಯಾರು ಮಾಡುವುದೆಂದರೆ ಹೆಚ್ಚಾಗಿ ಬಿಚ್ಚುವುದೇ. ಹಿಂದಿನ ಸೀಟು, ಬಂಪರು, ಒಳಗಿನ ಹೊದಿಕೆ ಎಲ್ಲ ಹೊರಗೆ. ಸೈಲೆನ್ಸರ್ ತೆಗೆದು ನೇರ ಪೈಪು. ಎಂಜಿನ್ ಹೆಡ್ಡನ್ನು ಲೇತಿನವರ ಹತ್ತಿರ ಒಯ್ದು ಕೂದಲೆಳೆಯಷ್ಟು ಸವೆಸಿದರೆ ಒತ್ತಡ ಹೆಚ್ಚುತ್ತದೆ, ಶಕ್ತಿ ಸ್ವಲ್ಪ ಏರುತ್ತದೆ. ಒಂದು ಕಾರ್ಬುರೇಟರ್ ಇದ್ದಲ್ಲಿ ಎರಡು. ಅಂಗಡಿಯಲ್ಲಿ ಕೊಳ್ಳಲು ಸಿಗದ ಸ್ಪೋರ್ಟ್ಸ್ ಕಾರನ್ನು ಗ್ಯಾರೇಜಿನಲ್ಲಿ ಹೀಗೆ ಮಾಡಿಕೊಂಡರು. ಓಡಿಸಿದವರ ಹೆಸರಾದರೂ ಪತ್ರಿಕೆಗೆ ಬಂತು. ಹೆಡ್ಡು ಸವೆಸಿದ ಲೇತಿನವರ ಹೆಸರು ಎಲ್ಲೂ ಇಲ್ಲ.

ಹಣವಿದ್ದವರ ದಾರಿ ಬೇರೆ ಇತ್ತು ಅನ್ನಿ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಇದೇ ಶೋಲಾವರಂನಲ್ಲಿ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರು ಓಡಿಸಿದ್ದರು.

ಈಗ ಬೆಂಗಳೂರಿನ ಕಥೆಗೆ ಬರೋಣ. ಅದಕ್ಕೆ ಮೊದಲು ಇಂಗ್ಲೆಂಡಿನ ಆಸ್ಟಿನ್ ಸೆವೆನ್ ನೆನೆಯಬೇಕು. 1922ರಿಂದ 1939ರವರೆಗೆ ತಯಾರಾದ ಬಡವರ ಕಾರು ಅದು. ಮುಂದೆ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ತನ್ನ ಮೊದಲ ರೇಸ್ ಕಾರನ್ನು ಹಳೆಯ ಆಸ್ಟಿನ್ ಸೆವೆನ್ ಮೇಲೇ ಮಾಡಿಕೊಂಡ. ಅದೇ ಎಂಜಿನ್ನಿನ ವಂಶದಲ್ಲಿ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ (ಅಂಬಾನಿಯವರ ರಿಲಯನ್ಸ್ ಅಲ್ಲ!) 1962ರಲ್ಲಿ ಪೂರ್ತಿ ಅಲ್ಯುಮಿನಿಯಂ ಎಂಜಿನ್ ತಂದಿತು. ಇಂಗ್ಲೆಂಡಿನಲ್ಲಿ ಕಡಿಮೆ ಖರ್ಚಿನ ರೇಸಿನವರು ಆಸ್ಟಿನ್ ಎಂಜಿನ್ ಸಿಗದಂತಾದ ಮೇಲೆ ಇದನ್ನೇ ಹಿಡಿದರು. ಇದು 848 ಸಿಸಿಗೆ ಬೆಳೆದು, ಫೈಬರ್ ಬಾಡಿಯ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿಗೆ 1975ರಲ್ಲಿ ಬಂತು. ಅಲ್ಲಿ ಅದು 1982ರಲ್ಲಿ ನಿಂತಿತು.

ಅದೇ 1982ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು! ಸಿಪಾನಿ ಕಂಪನಿ ಅದಕ್ಕೆ ಡಾಲ್ಫಿನ್ ಎಂದು ಹೆಸರಿಟ್ಟಿತು. ಸಿಪಾನಿಯವರು ಅದಕ್ಕೂ ಮುಂಚೆ ಬಾದಲ್ ಎಂಬ ಮೂರು ಗಾಲಿಯ ಫೈಬರ್ ಕಾರು ಮಾಡಿದ್ದರು, ಅದು ಹೆಚ್ಚು ದೂರ ಹೋಗಲಿಲ್ಲ. ಡಾಲ್ಫಿನ್ ಮಾತ್ರ ರೇಸಿನವರ ಕಣ್ಣಿಗೆ ಬಿತ್ತು. ಯಾಕೆ ಎಂಬುದಕ್ಕೆ ಏಳನೇ ತರಗತಿಯ ಲೆಕ್ಕ ಸಾಕು. ಕಿಟನ್ ತೂಕ ಸುಮಾರು 520 ಕಿಲೋ, ಶಕ್ತಿ 40 ಅಶ್ವಶಕ್ತಿ. ಒಂದು ಕುದುರೆಗೆ 13 ಕಿಲೋ ಹೊರೆ. ಅಂಬಾಸಿಡರ್ ತೂಕ 1,100 ಕಿಲೋ ಮೇಲೆ, ಶಕ್ತಿ ಸುಮಾರು 50. ಒಂದು ಕುದುರೆಗೆ 22 ಕಿಲೋ. ಜೊತೆಗೆ ಹಿಂದಿನ ಚಕ್ರಕ್ಕೆ ಎಳೆತ, ಮುಂದೆ ಹಗುರ ಎಂಜಿನ್. ಕೈಗೆ ಚುರುಕಾದ ಗಾಡಿ. ಶೋಲಾವರಂ ರೇಸಿಗೂ ರ‍್ಯಾಲಿಗಳಿಗೂ ಡಾಲ್ಫಿನ್ ಇಳಿಯಿತು. ಬ್ರಿಟನ್ನಿನ ಸಣ್ಣ ಸ್ಪೋರ್ಟ್ಸ್ ಕಾರಿನ ಗುಣಕ್ಕೆ ನಮ್ಮ ಕಡೆಯ ಕಾರ್ಖಾನೆಯೊಂದು ಅತಿ ಹತ್ತಿರ ಬಂದದ್ದು ಇದರಲ್ಲೇ ಎಂದು ನನ್ನ ಅಭಿಪ್ರಾಯ. ಬೇಕೆಂದು ಮಾಡಿದ್ದಲ್ಲ, ಆದದ್ದು.

ಪಾಪ, ಅದರ ಕಾಲ ಚೆನ್ನಾಗಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಬೆಲೆ 47,500 ರೂಪಾಯಿ. ತೂಕದ ಲೆಕ್ಕದಲ್ಲಿ ಡಾಲ್ಫಿನ್ ಸೋಲಬೇಕಾಗಿರಲಿಲ್ಲ. ಆದರೆ ಮಾರುತಿಯದು ಕಬ್ಬಿಣದ ಬಾಡಿ, ಜಪಾನಿನ ತಂತ್ರ, ಹಿಂದೆ ಸರ್ಕಾರ. ಫೈಬರ್ ಕಾರನ್ನು ಜನ ಪ್ಲಾಸ್ಟಿಕ್ ಎಂದೇ ನೋಡಿದರು. ಎರಡೇ ಬಾಗಿಲು ಬೇರೆ. ಐದು ಬಾಗಿಲಿನ ಮೊಂಟಾನಾ ಮಾಡಿದರೂ ಗಿರಾಕಿ ಬರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮಾಂಟೆಗೋ ಮಾರಲು ನೋಡಿದ್ದೂ ಕೈಗೂಡಲಿಲ್ಲ. ರೇಸಿನವರೂ ಮಾರುತಿಯ ಕಡೆಗೇ ಹೊರಟರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಹಾಕಿ ಒಂಟಿ ಸೀಟಿನ ರೇಸ್ ಕಾರುಗಳನ್ನೇ ಕಟ್ಟಿದರು. 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿಗೆಂದೇ ಮಾಡಿದ ಟ್ರ್ಯಾಕು ಬಂದ ಮೇಲೆ ಶೋಲಾವರಂನ ಕಾಲ ಮುಗಿಯಿತು.

ಹೋಗಲಿ, ಉಳಿದ ಕಾರುಗಳನ್ನಾದರೂ ಇಟ್ಟುಕೊಳ್ಳೋಣ ಎಂದರೆ ಅಲ್ಲೊಂದು ತೊಡಕಿದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ. ಒಳ್ಳೆಯ ನಿಯಮವೇ. ಆದರೆ ಎರಡು ಷರತ್ತು ನೋಡಿ. ಕಾರಿಗೆ 50 ವರ್ಷ ದಾಟಿರಬೇಕು. ಮತ್ತೆ ಅದು ಮೂಲ ರೂಪದಲ್ಲೇ ಇರಬೇಕು, ಷಾಸಿ, ಬಾಡಿ, ಎಂಜಿನ್ ಯಾವುದನ್ನೂ ದೊಡ್ಡದಾಗಿ ಬದಲಿಸಿರಬಾರದು. ಡಾಕ್ಟರ ಮನೆಯ ಹೆರಾಲ್ಡು ಪಾಸಾಗುತ್ತದೆ. ಎಂಜಿನ್ ಬದಲಿಸಿ, ಬಾಡಿ ಕತ್ತರಿಸಿ ಶೋಲಾವರಂನಲ್ಲಿ ಓಡಿದ ಹೆರಾಲ್ಡಿಗೆ ಅದೇ ಅಡ್ಡಿ. ಅದರ ಚರಿತ್ರೆ ಇರುವುದೇ ಆ ಬದಲಾವಣೆಗಳಲ್ಲಿ, ಮೂಲ ರೂಪಕ್ಕೆ ತರುವುದೆಂದರೆ ಅದನ್ನು ಅಳಿಸಿದಂತೆ.

ಇನ್ನು ಡಾಲ್ಫಿನ್ನಿನದು ಮತ್ತೊಂದು ಗೋಳು. ಫೈಬರ್ ಬಾಡಿ ತುಕ್ಕು ಹಿಡಿಯುವುದಿಲ್ಲ, ಕೆಳಗಿನ ಕಬ್ಬಿಣದ ಷಾಸಿ ಹಿಡಿಯುತ್ತದೆ. ಅಲ್ಯುಮಿನಿಯಂ ಎಂಜಿನ್ನಿಗೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ 'ಪಯಣ' ಕಾರು ಸಂಗ್ರಹಾಲಯ 2023ರಲ್ಲಿ ತೆರೆಯಿತು, ಮೈಸೂರು ಪ್ರವಾಸ ಹೋಗುವ ಶಾಲೆಯವರು ತಪ್ಪದೆ ನೋಡಿಬನ್ನಿ. ಆದರೆ ಯಾರದೋ ಹಿತ್ತಲಲ್ಲಿ ನಿಂತಿರುವ ಡಾಲ್ಫಿನ್ ಅಂಥ ಕಡೆ ಹೋಗುವಷ್ಟು ಗೌರವ ಇನ್ನೂ ಗಳಿಸಿಲ್ಲ. 15 ವರ್ಷ ಎಂದೋ ದಾಟಿದೆ, ಹಾಗಾಗಿ ಫಿಟ್‌ನೆಸ್, ಮರುನೋಂದಣಿ ಎಂದು ಓಡಾಡಬೇಕು. ಮೊಟ್ಟಮೊದಲ ಡಾಲ್ಫಿನ್ನಿಗೂ 50 ತುಂಬುವುದು 2032ಕ್ಕೆ. ನಿಮ್ಮ ಕಡೆ ಯಾರಾದರೂ ಒಂದನ್ನು ಇಟ್ಟುಕೊಂಡಿದ್ದರೆ ಅಲ್ಲಿಯವರೆಗೆ ಗುಜರಿಗೆ ಹಾಕದಿರಲು ಹೇಳಿ. ಓಡಿಸಿದವರು, ರಿಪೇರಿ ಮಾಡಿದವರು ಸಿಕ್ಕರೆ ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ.