ಹಳಿಯ ಮೇಲೆ ವಾಹನ ನಿಂತರೆ: ಚಾಲಕರು ತಿಳಿದಿರಬೇಕಾದ ಸಂಗತಿಗಳು

ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ ಸುಮಾರು 30 ಮೀಟರ್ ಕ್ರಮಿಸುತ್ತದೆ. ತುರ್ತು ಬ್ರೇಕ್ ಹಾಕಿದರೂ ಅದು ಪೂರ್ಣವಾಗಿ ನಿಲ್ಲಲು ಹೆಚ್ಚುಕಡಿಮೆ ಒಂದು ಕಿ.ಮೀ. ಬೇಕು. ಲೆವೆಲ್ ಕ್ರಾಸಿಂಗ್‌ನ ನಡುವೆ ನಿಂತ ವಾಹನವು ಲೋಕೋ ಪೈಲಟ್‌ನ ಕಣ್ಣಿಗೆ ಬೀಳುವ ಹೊತ್ತಿಗೆ ಬಹುತೇಕ ಸಂದರ್ಭಗಳಲ್ಲಿ ಕಾಲ ಮೀರಿರುತ್ತದೆ. ಆದ್ದರಿಂದ ಹಳಿಯ ಮೇಲೆ ವಾಹನ ಕೆಟ್ಟು ನಿಂತಾಗ ಅದನ್ನು ಉಳಿಸಿಕೊಳ್ಳುವುದು ಚಾಲಕನ ಮೊದಲ ಕೆಲಸವಲ್ಲ. ಒಳಗಿರುವವರನ್ನು ಇಳಿಸಿ ದೂರ ಕಳುಹಿಸುವುದು ಮೊದಲನೆಯದು, ರೈಲನ್ನು ತಡೆಯಬಲ್ಲವರಿಗೆ ಸುದ್ದಿ ಮುಟ್ಟಿಸುವುದು ಎರಡನೆಯದು. ವಾಹನದ ಯೋಚನೆ ಏನಿದ್ದರೂ ಆಮೇಲಿನದು.

ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುರಹಿತ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ಅಂತ್ಯದ ವೇಳೆಗೆ ಸಂಪೂರ್ಣವಾಗಿ ತೆಗೆದುಹಾಕಲಾಯಿತು. ಅದಕ್ಕೂ ಮುನ್ನ ಅಂತಹ ಕ್ರಾಸಿಂಗ್‌ಗಳು ಬಲಿ ಪಡೆದ ಜೀವಗಳು ಅಸಂಖ್ಯ. 2011ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಮದುವೆ ದಿಬ್ಬಣದ ಬಸ್ಸು, 2014ರ ಜುಲೈನಲ್ಲಿ ತೆಲಂಗಾಣದ ಮೇದಕ್ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಶಾಲಾ ಬಸ್ಸು, 2018ರ ಏಪ್ರಿಲ್‌ನಲ್ಲಿ ಕುಶಿನಗರದಲ್ಲಿ ಶಾಲಾ ವ್ಯಾನು ರೈಲಿಗೆ ಸಿಲುಕಿದವು. ಕುಶಿನಗರವೊಂದರಲ್ಲೇ 13 ಮಕ್ಕಳು ಸತ್ತರು. ಕಾವಲುರಹಿತ ಗೇಟುಗಳು ಹೋದ ಮಾತ್ರಕ್ಕೆ ಅಪಾಯವೂ ಹೋಯಿತೆಂದು ಭಾವಿಸುವಂತಿಲ್ಲ. ಕಾವಲುಗಾರರಿರುವ ಗೇಟುಗಳು ಇನ್ನೂ ಸಾವಿರಾರು ಸಂಖ್ಯೆಯಲ್ಲಿವೆ. ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ 2025ರ ಜುಲೈ 8ರಂದು ಶಾಲಾ ವ್ಯಾನಿಗೆ ಪ್ಯಾಸೆಂಜರ್ ರೈಲು ಅಪ್ಪಳಿಸಿ ಮೂವರು ವಿದ್ಯಾರ್ಥಿಗಳು ಮೃತಪಟ್ಟದ್ದು ಕಾವಲುಗಾರನಿದ್ದ ಗೇಟಿನಲ್ಲಿಯೇ.

ಗೇಟು ಅಷ್ಟು ಮೊದಲೇ ಏಕೆ ಬೀಳುತ್ತದೆ?

"ರೈಲಿನ ಸುಳಿವೇ ಇಲ್ಲ, ಆಗಲೇ ಗೇಟು ಹಾಕಿದ್ದಾರೆ" ಎಂಬುದು ವಾಹನ ಸವಾರರ ಸಾಮಾನ್ಯ ದೂರು. ಗೇಟು ಬೀಳುವಾಗ ನುಸುಳುವ ಅಭ್ಯಾಸಕ್ಕೆ ಮೂಲವೂ ಇದೇ ಅಸಹನೆ. ಇದರ ಹಿಂದಿರುವ ವ್ಯವಸ್ಥೆಯನ್ನು ಅರಿತರೆ ಅಸಹನೆ ಸ್ವಲ್ಪವಾದರೂ ತಗ್ಗೀತು.

ಗೇಟುಗಳಲ್ಲಿ ಎರಡು ಬಗೆ. ಮೊದಲನೆಯದು ಇಂಟರ್‌ಲಾಕ್ ಆದ ಗೇಟು. ಇಲ್ಲಿ ಗೇಟಿಗೂ ರೈಲಿನ ಸಿಗ್ನಲ್‌ಗೂ ತಾಂತ್ರಿಕ ನಂಟಿರುತ್ತದೆ. ಗೇಟು ಪೂರ್ಣವಾಗಿ ಮುಚ್ಚಿ ಬೀಗ ಬಿದ್ದ ಹೊರತು ಸಿಗ್ನಲ್ ಹಸಿರಾಗುವುದಿಲ್ಲ. ಸಿಗ್ನಲ್ ಹಸಿರಾಗಿರುವಾಗ ಗೇಟು ತೆರೆಯುವುದಿಲ್ಲ. ವೇಗವಾಗಿ ಬರುವ ರೈಲಿನ ಚಾಲಕನಿಗೆ ಗೇಟ್ ಸಿಗ್ನಲ್‌ಗಿಂತ ಸುಮಾರು ಒಂದು ಕಿ.ಮೀ. ಹಿಂದಿರುವ ಡಿಸ್ಟೆಂಟ್ ಸಿಗ್ನಲ್‌ನಲ್ಲಿಯೇ "ಮುಂದಿನ ದಾರಿ ತೆರವಾಗಿದೆ" ಎಂಬ ಸೂಚನೆ ಸಿಗಬೇಕು. ಸಿಗದಿದ್ದರೆ ಆತ ವೇಗ ತಗ್ಗಿಸಲೇಬೇಕಾಗುತ್ತದೆ. ಹೀಗಾಗಿ ರೈಲು ಹಲವು ಕಿ.ಮೀ. ದೂರದಲ್ಲಿರುವಾಗಲೇ ಗೇಟು ಮುಚ್ಚಬೇಕಾಗುತ್ತದೆ.

ಎರಡನೆಯದು ಇಂಟರ್‌ಲಾಕ್ ಆಗದ ಗೇಟು. ಇಲ್ಲಿ ಸ್ಟೇಷನ್ ಮಾಸ್ತರರು ದೂರವಾಣಿಯಲ್ಲಿ ರೈಲು ಬರುವ ವಿಷಯ ತಿಳಿಸುತ್ತಾರೆ, ಗೇಟ್‌ಮನ್ ಗೇಟು ಮುಚ್ಚಿ ಗುಪ್ತ ಸಂಖ್ಯೆಯೊಂದನ್ನು ಹೇಳಿ ಖಚಿತಪಡಿಸುತ್ತಾನೆ. ಎಲ್ಲವೂ ಇಬ್ಬರು ಮನುಷ್ಯರ ಎಚ್ಚರವನ್ನೇ ಅವಲಂಬಿಸಿದೆ. ಒಬ್ಬ ತಪ್ಪಿದರೂ ತಡೆಯಲು ಯಂತ್ರವಿಲ್ಲ. ಸೆಮ್ಮಂಕುಪ್ಪಂನ ಗೇಟು ಈ ಬಗೆಯದು. ಆ ದುರಂತದ ನಂತರ ಇಂಟರ್‌ಲಾಕ್ ಕಾರ್ಯವನ್ನು ತ್ವರಿತಗೊಳಿಸಲು ಹಾಗೂ ಗೇಟುಗಳಲ್ಲಿ ಸಿಸಿಟಿವಿ ಅಳವಡಿಸಲು ರೈಲ್ವೆ ಸಚಿವಾಲಯ ಆದೇಶಿಸಿತು. ರಸ್ತೆಯಲ್ಲಿ ಬರುವ ಚಾಲಕನಿಗೆ ತನ್ನ ಮುಂದಿನ ಗೇಟು ಯಾವ ಬಗೆಯದೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಗೇಟು ತೆರೆದಿದ್ದರೂ ವೇಗ ತಗ್ಗಿಸಿ, ಕಿಟಕಿಯ ಗಾಜು ಇಳಿಸಿ, ಹಾಡು ನಿಲ್ಲಿಸಿ, ಎರಡೂ ಬದಿ ನೋಡಿ ಮುಂದುವರಿಯುವುದು ಕ್ಷೇಮ.

ವಾಹನ ಸಿಲುಕುವುದು ಹೇಗೆ?

ಎಂಜಿನ್ ಕೆಟ್ಟು ನಿಲ್ಲುವುದೊಂದೇ ಕಾರಣವಲ್ಲ. ಹೆಚ್ಚು ಸಲ ಚಾಲಕನು ಹಳಿಯ ಮೇಲೆ ಚಕ್ರವಿಡುವ ಮುನ್ನವೇ ತಪ್ಪು ನಡೆದಿರುತ್ತದೆ.

ಮೊದಲನೆಯ ಕಾರಣ, ಆಚೆ ಬದಿಯ ದಟ್ಟಣೆ. ಗೇಟು ತೆರೆದೊಡನೆ ಎರಡೂ ಕಡೆಯ ವಾಹನಗಳು ರಸ್ತೆಯ ಪೂರ್ಣ ಅಗಲಕ್ಕೆ ಹರಡಿ ನಿಂತು ಒಮ್ಮೆಲೇ ನುಗ್ಗುತ್ತವೆ. ಹಳಿಯ ನಟ್ಟನಡುವೆ ಎದುರುಬದುರಾಗಿ ನಿಲ್ಲುತ್ತವೆ. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ. ನಮ್ಮ ನಗರಗಳ ಅಂಚಿನ ಗೇಟುಗಳಲ್ಲಿ ಇದು ನಿತ್ಯದ ನೋಟ. ತನ್ನ ವಾಹನದ ಹಿಂದಿನ ತುದಿಯೂ ಹಳಿ ದಾಟಿ ನಿಲ್ಲುವಷ್ಟು ಜಾಗ ಆಚೆ ಕಂಡ ಮೇಲೆಯೇ ಗೇಟಿನೊಳಗೆ ಪ್ರವೇಶಿಸಬೇಕೆಂಬ ನಿಯಮ ಪಾಲಿಸಿದರೆ ಇದು ತಪ್ಪುತ್ತದೆ. ಹಿಂದಿನ ತುದಿಯ ಮಾತು ಸಣ್ಣದಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ 1995ರ ಅಕ್ಟೋಬರ್ 25ರಂದು ಶಾಲಾ ಬಸ್ಸೊಂದು ಹಳಿ ದಾಟಿ ಮುಂದಿನ ಟ್ರಾಫಿಕ್ ಸಿಗ್ನಲ್‌ಗೆ ಕಾದು ನಿಂತಿತ್ತು. ಚಾಲಕಿಯ ದೃಷ್ಟಿಯಲ್ಲಿ ಬಸ್ಸು ಹಳಿ ದಾಟಿಯಾಗಿತ್ತು. ಹಿಂಭಾಗ ಮಾತ್ರ ರೈಲಿನ ದಾರಿಗೆ ಚಾಚಿಕೊಂಡಿತ್ತು. ಏಳು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು.

ಎರಡನೆಯದು ರಸ್ತೆಯ ಉಬ್ಬು. ಹಳಿಯು ಏರಿಯ ಮೇಲಿದ್ದು ರಸ್ತೆ ಎರಡೂ ಬದಿಯಿಂದ ಕಡಿದಾಗಿ ಏರಿ ಇಳಿಯುವ ಕಡೆ, ಚಕ್ರಗಳ ನಡುವಿನ ಅಂತರ ಹೆಚ್ಚಿದ್ದು ಹೊಟ್ಟೆ ನೆಲಕ್ಕೆ ಹತ್ತಿರವಿರುವ ವಾಹನಗಳು ತಕ್ಕಡಿಯ ದಂಡದಂತೆ ಉಬ್ಬಿನ ಮೇಲೆ ಕೂತುಬಿಡುತ್ತವೆ. ಮಿಸಿಸಿಪ್ಪಿಯ ಬಿಲಾಕ್ಸಿಯಲ್ಲಿ 2017ರ ಮಾರ್ಚ್ 7ರಂದು ಪ್ರವಾಸಿ ಬಸ್ಸು ಹೀಗೆಯೇ ಸಿಲುಕಿ, ಗೂಡ್ಸ್ ರೈಲು ಬಡಿದು ನಾಲ್ವರು ಸತ್ತರು. ಅದೇ ಕ್ರಾಸಿಂಗ್‌ನಲ್ಲಿ ಅದಕ್ಕೂ ಮೊದಲು ವಾಹನಗಳು ಸಿಲುಕಿದ್ದವು. ನಮ್ಮಲ್ಲಿ ಯಂತ್ರ ಸಾಗಿಸುವ ತಗ್ಗು ಟ್ರೇಲರ್‌ಗಳು, ಚಿತ್ರದುರ್ಗ, ಗದಗ ಕಡೆಗೆ ಗಾಳಿಯಂತ್ರದ ರೆಕ್ಕೆ ಹೊತ್ತೊಯ್ಯುವ ಉದ್ದನೆಯ ಲಾರಿಗಳು ಈ ಅಪಾಯಕ್ಕೆ ಒಳಗಾಗಬಲ್ಲವು. ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳದು ಬೇರೆಯದೇ ತೊಂದರೆ: ಏರಿನಲ್ಲಿ ಎಳೆಯಲಾರದೆ ನಡುವೆ ನಿಲ್ಲುತ್ತವೆ, ಇಲ್ಲವೇ ಕೊಂಡಿ ಕಳಚಿ ಹಿಂದಿನ ಟ್ರೇಲರ್ ಹಳಿಯ ಮೇಲೆ ಉಳಿಯುತ್ತದೆ.

ನಿಧಾನಗತಿಯ ಭಾರಿ ವಾಹನಕ್ಕೆ ಬೇಕಾಗುವ ಕಾಲವನ್ನು ಲೆಕ್ಕ ಹಾಕಿ ನೋಡಬಹುದು. 18 ಮೀಟರ್ ಉದ್ದದ ಟ್ರೇಲರ್ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹತ್ತು ಮೀಟರ್ ಅಗಲದ ಹಳಿ ಪ್ರದೇಶವನ್ನು ಪೂರ್ತಿ ದಾಟಲು ಸುಮಾರು 20 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ 110 ಕಿ.ಮೀ. ವೇಗದ ರೈಲು 600 ಮೀಟರ್ ಬಂದಿರುತ್ತದೆ. ಇಂಗ್ಲೆಂಡಿನ ಹಿಕ್ಸನ್‌ನಲ್ಲಿ 1968ರ ಜನವರಿ 6ರಂದು ನಡೆದದ್ದು ಇದೇ. 120 ಟನ್ ತೂಕದ ಟ್ರಾನ್ಸ್‌ಫಾರ್ಮರ್ ಹೊತ್ತ ವಾಹನ ಪೊಲೀಸ್ ಬೆಂಗಾವಲಿನಲ್ಲಿ ಆಮೆಗತಿಯಲ್ಲಿ ಹಳಿ ದಾಟುತ್ತಿತ್ತು. ಅಲ್ಲಿನ ಸ್ವಯಂಚಾಲಿತ ಗೇಟು ರೈಲು ಬರುವ 24 ಸೆಕೆಂಡು ಮುಂಚೆಯಷ್ಟೇ ಎಚ್ಚರಿಸುವಂತಿತ್ತು. ಸಿಗ್ನಲ್ ಕೇಂದ್ರಕ್ಕೆ ಮಾತನಾಡಲು ಗೇಟಿನ ಬಳಿ ದೂರವಾಣಿ ಇತ್ತು, ಯಾರೂ ಬಳಸಲಿಲ್ಲ. ಹನ್ನೊಂದು ಮಂದಿ ಅಸುನೀಗಿದರು. ಅತಿ ಉದ್ದದ, ಅತಿ ಭಾರದ ಸರಕು ಸಾಗಿಸುವವರು ಹಳಿ ದಾಟುವ ಮುನ್ನ ರೈಲ್ವೆಯ ಅನುಮತಿ ಪಡೆಯಬೇಕೆಂಬುದರ ಹಿಂದಿನ ತರ್ಕವನ್ನು ಈ ಘಟನೆಗಿಂತ ಚೆನ್ನಾಗಿ ಬೇರಾವುದೂ ವಿವರಿಸಲಾರದು.

ಇನ್ನುಳಿದವು ಸಣ್ಣ ಸಂಗತಿಗಳು. ಹಳಿಯ ಮೇಲೆ ಗೇರ್ ಬದಲಿಸುವಾಗ ಎಂಜಿನ್ ನಿಂತುಹೋಗುತ್ತದೆ. ಆದ್ದರಿಂದ ಮೊದಲೇ ಕೆಳಗಿನ ಗೇರ್‌ಗೆ ಬಂದು ಅದರಲ್ಲೇ ದಾಟಬೇಕು. ಹಳಿಯ ಒಳಮಗ್ಗುಲಿಗೆ ರೈಲಿನ ಚಕ್ರಕ್ಕಾಗಿ ಬಿಟ್ಟಿರುವ ಐದಾರು ಸೆಂ.ಮೀ. ಸಂದಿನಲ್ಲಿ ಬೈಸಿಕಲ್‌ನ ಚಕ್ರ, ಕೆಲವೊಮ್ಮೆ ಸ್ಕೂಟರ್‌ನ ಚಕ್ರವೂ ಸಿಲುಕಬಹುದು. ಓರೆಯಾಗಿ ಹೋಗದೆ ನೇರವಾಗಿ ದಾಟಬೇಕು. ವಿದ್ಯುದೀಕರಣಗೊಂಡ ಮಾರ್ಗಗಳಲ್ಲಿ ತಲೆಯ ಮೇಲೆ 25,000 ವೋಲ್ಟ್ ತಂತಿ ಇರುತ್ತದೆ. ಗೇಟಿನ ಎರಡೂ ಬದಿ ಕಮಾನಿನಂತೆ ನಿಲ್ಲಿಸಿರುವ, 4.67 ಮೀಟರ್ ಎತ್ತರದ ಮಾಪಕಕ್ಕೆ ತಾಗುವಷ್ಟು ಹುಲ್ಲು, ಹತ್ತಿ ಹೇರಿದ ಲಾರಿ ಒಳಗೆ ಹೋಗಲೇಬಾರದು. ಹೇರಿನ ಮೇಲೆ ಆಳುಗಳು ಕುಳಿತಿದ್ದರೆ ಇಳಿಸಿಯೇ ದಾಟಿಸಬೇಕು.

ಸಿಲುಕಿದ ಮೇಲೆ

ತೆರೆದ ಗೇಟಿನಲ್ಲಿ ಕೆಟ್ಟು ನಿಂತ ವಾಹನಕ್ಕೂ, ಬೀಳುತ್ತಿರುವ ಗೇಟಿನ ಕೆಳಗೆ ನುಗ್ಗಿ ಒಳಗೆ ಸಿಕ್ಕಿಬಿದ್ದ ವಾಹನಕ್ಕೂ ಅಜಗಜಾಂತರವಿದೆ. ಇಂಟರ್‌ಲಾಕ್ ಆದ ಗೇಟು ತೆರೆದಿರುವವರೆಗೆ ರೈಲಿಗೆ ಕೆಂಪು ಸಿಗ್ನಲ್ ಇರುತ್ತದೆ. ಕೆಂಪು ಕಂಡ ಲೋಕೋ ಪೈಲಟ್ ನಿಂತು, ನಿಗದಿತ ಕಾಲ ಕಾದ ನಂತರವೂ ತೆವಳುವ ವೇಗದಲ್ಲಿ ಬಂದು ಗೇಟಿನ ಮುಂದೆ ನಿಲ್ಲಬೇಕು. ಎರಡನೆಯ ಸಂದರ್ಭದಲ್ಲಿ ಸಿಗ್ನಲ್ ಆಗಲೇ ಹಸಿರಾಗಿರಬಹುದು, ರೈಲು ಪೂರ್ಣ ವೇಗದಲ್ಲಿ ಬರುತ್ತಿರಬಹುದು. ಗೇಟು ಬೀಳುವಾಗ ನುಸುಳುವ ಸವಾರ ತನ್ನ ರಕ್ಷಣೆಗಿದ್ದ ಏರ್ಪಾಟನ್ನೇ ದಾಟಿ ಒಳಬಂದಿರುತ್ತಾನೆ.

ಎರಡರಲ್ಲಿಯೂ ಮೊದಲ ಹೆಜ್ಜೆ ಒಂದೇ. ಸೀಟ್ ಬೆಲ್ಟ್ ಬಿಚ್ಚಿ ಎಲ್ಲರನ್ನೂ ಇಳಿಸಬೇಕು. ಮಕ್ಕಳು, ವೃದ್ಧರು ಮೊದಲು. ಸಾಮಾನು ತೆಗೆಯಲು ನಿಲ್ಲಬಾರದು. ಎರಡನೆಯದಾಗಿ ಒಬ್ಬರು ಕೂಡಲೇ ಗೇಟ್‌ಮನ್‌ಗೆ ತಿಳಿಸಬೇಕು. ಆತನ ಕೈಯಲ್ಲಿ ಸ್ಟೇಷನ್ ಮಾಸ್ತರರಿಗೆ ನೇರ ದೂರವಾಣಿ, ಕೆಂಪು ಬಾವುಟ, ಕೆಂಪು ದೀಪ ಹಾಗೂ ಪಟಾಕಿಯಂತೆ ಸಿಡಿಯುವ ಡಿಟೊನೇಟರ್‌ಗಳು ಇರುತ್ತವೆ. ಬ್ರಾಡ್‌ಗೇಜ್ ಮಾರ್ಗದಲ್ಲಿ ಆತ ಅಡಚಣೆಯಿಂದ 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಡಿಟೊನೇಟರ್‌ಗಳನ್ನು ಹಳಿಗೆ ಕಟ್ಟಬೇಕು. ರೈಲಿನ ಚಕ್ರ ಹತ್ತಿದೊಡನೆ ಅವು ಸಿಡಿದು ಚಾಲಕನನ್ನು ಎಚ್ಚರಿಸುತ್ತವೆ. ಒಂದು ಕಿ.ಮೀ.ಗೂ ಹೆಚ್ಚು ದೂರ ಜಲ್ಲಿಯ ಮೇಲೆ ಓಡಲು ಎಷ್ಟು ನಿಮಿಷ ಬೇಕೆಂದು ಊಹಿಸಿದರೆ, ಸುದ್ದಿ ತಡವಾಗಿ ತಿಳಿಸುವುದರ ಪರಿಣಾಮ ಅರಿವಾಗುತ್ತದೆ. ಕಾರಿನ ಸುತ್ತ ಜನ ಸೇರಿ ತಳ್ಳುತ್ತಾ ಕಳೆಯುವ ಮೊದಲ ಎರಡು ನಿಮಿಷಗಳೇ ಬಹಳ ದುಬಾರಿ.

ಗೇಟ್‌ಮನ್ ಒಂದು ದಿಕ್ಕಿಗೆ ಓಡಿದರೆ ಇನ್ನೊಂದು ದಿಕ್ಕಿಗೆ ಸಾರ್ವಜನಿಕರು ನೆರವಾಗಬಹುದು. ಹಳಿಯ ಪಕ್ಕದಲ್ಲಿ, ಹಳಿಯ ಮೇಲಲ್ಲ, ರೈಲು ಬರುವ ದಿಕ್ಕಿಗೆ ಸಾಧ್ಯವಾದಷ್ಟು ದೂರ ಹೋಗಿ ಕೆಂಪು ಬಟ್ಟೆ ಬೀಸಬೇಕು. ಬಟ್ಟೆ ಇಲ್ಲದಿದ್ದರೆ ಎರಡೂ ಕೈಗಳನ್ನು ತಲೆಯ ಮೇಲೆ ನೇರವಾಗಿ ಎತ್ತಿ ಹಿಡಿಯಬೇಕು. ರೈಲ್ವೆ ನಿಯಮಗಳಲ್ಲಿ ಅದು "ನಿಲ್ಲಿಸು" ಎಂಬುದರ ಅಂಗೀಕೃತ ಸಂಕೇತ. ರಾತ್ರಿ ವೇಳೆ ಬಿಳಿ ಬೆಳಕನ್ನು ಮೈಗೆ ಅಡ್ಡಲಾಗಿ ರಭಸದಿಂದ ಬೀಸಿದರೂ ಅದೇ ಅರ್ಥ. ಮೊಬೈಲ್‌ನ ಟಾರ್ಚ್ ಆದರೂ ಸರಿ. ಗೇಟ್‌ಮನ್ ಸಿಗದಿದ್ದರೆ ರೈಲ್ವೆಯ 139 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ಆಗ ಊರಿನ ಹೆಸರು ಹೇಳಿದರೆ ಸಾಲದು. ಗೇಟಿನ ಕೋಣೆಯ ಮೇಲೆ ಬರೆದಿರುವ ಲೆವೆಲ್ ಕ್ರಾಸಿಂಗ್ ಸಂಖ್ಯೆ, ವಿದ್ಯುತ್ ಕಂಬದ ಮೇಲಿನ ಕಿ.ಮೀ. ಸಂಖ್ಯೆ ಹೇಳಿದರೆ ಸ್ಥಳ ನಿಖರವಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ಪ್ರತಿ ಕ್ರಾಸಿಂಗ್‌ನಲ್ಲಿ ಈ ವಿವರ ಹಾಗೂ ದೂರವಾಣಿ ಸಂಖ್ಯೆಯುಳ್ಳ ನೀಲಿ ಫಲಕ ಇರುತ್ತದೆ.

ರೈಲು ಕಣ್ಣಿಗೆ ಬಿದ್ದ ಮೇಲೆ ಮತ್ತೆ ವಾಹನದ ಬಳಿ ಹೋಗಬಾರದು. ಆಗ ರೈಲು ಬರುವ ದಿಕ್ಕಿಗೇ ಓರೆಯಾಗಿ, ಹಳಿಯಿಂದ ದೂರ ಸರಿಯುತ್ತಾ ಓಡಬೇಕು. ಇದು ವಿಚಿತ್ರವೆನಿಸಬಹುದು. ಆದರೆ ಡಿಕ್ಕಿಯಾದಾಗ ವಾಹನದ ಚೂರುಗಳು ರೈಲು ಸಾಗುವ ಕಡೆಗೇ ಸಿಡಿಯುತ್ತವೆ. ರೈಲಿಗೆ ಬೆನ್ನು ಮಾಡಿ ಅದು ಹೋಗುವ ಕಡೆಗೇ ಓಡಿದವರ ಮೇಲೆ ಅವು ಬಂದು ಬೀಳುತ್ತವೆ.

ಕಾನೂನು ಮತ್ತು ಪರ್ಯಾಯ

ರೈಲ್ವೆ ಕಾಯ್ದೆ 1989ರ 160ನೇ ಕಲಮಿನ ಪ್ರಕಾರ ಮುಚ್ಚಿದ ಗೇಟನ್ನು ಅನಧಿಕೃತವಾಗಿ ತೆರೆದವರಿಗೆ ಮೂರು ವರ್ಷದವರೆಗೆ, ಗೇಟನ್ನು ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕಾವಲುರಹಿತ ಕ್ರಾಸಿಂಗ್‌ನಲ್ಲಿ ವಾಹನ ನಿಲ್ಲಿಸಿ, ನಿರ್ವಾಹಕ ಅಥವಾ ಕ್ಲೀನರ್ ಇಳಿದು ನಡೆದು ಹೋಗಿ ರೈಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅವರಿಲ್ಲದಿದ್ದರೆ ಚಾಲಕನೇ ಇಳಿಯಬೇಕು ಎಂದು ಮೋಟಾರು ವಾಹನ ಕಾಯ್ದೆ 1988ರ 131ನೇ ಕಲಮು ಹೇಳುತ್ತದೆ.

ಗೇಟು ದಾಟುವ ರೈಲುಗಳ ಹಾಗೂ ವಾಹನಗಳ ಸಂಖ್ಯೆಯನ್ನು ಗುಣಿಸಿ ಬರುವ ಟಿವಿಯು ಅಂಕಿಯು ಒಂದು ಲಕ್ಷ ಮೀರಿದ ಕಡೆ ರೈಲ್ವೆ ಮತ್ತು ರಾಜ್ಯ ಸರ್ಕಾರ ಸಮಪಾಲಿನ ವೆಚ್ಚದಲ್ಲಿ ಮೇಲ್ಸೇತುವೆ ನಿರ್ಮಿಸುವ ಪದ್ಧತಿ ಬಹುಕಾಲದಿಂದ ಇದೆ. ಡಾ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸಮಿತಿಯಂತೂ ಐದು ವರ್ಷಗಳಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ತೆಗೆಯಬೇಕೆಂದು 2012ರಲ್ಲೇ ಶಿಫಾರಸು ಮಾಡಿತ್ತು. ಹಲವೆಡೆ ಮೇಲ್ಸೇತುವೆಯ ಬದಲು ಕಡಿಮೆ ವೆಚ್ಚದ ಕೆಳಸೇತುವೆ ಬಂದಿದೆ. ಅಲ್ಲಿ ರೈಲಿನ ಭಯವಿಲ್ಲ, ಮಳೆಗಾಲದ ನೀರಿನದಿದೆ. 2021ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ನೀರು ತುಂಬಿದ ಇಂತಹ ಕೆಳಸೇತುವೆಯಲ್ಲಿ ಕಾರು ಸಿಲುಕಿ ವೈದ್ಯೆಯೊಬ್ಬರು ಮೃತಪಟ್ಟರು. ರಸ್ತೆಯ ಮೇಲ್ಮೈ ಕಾಣದಷ್ಟು ನೀರು ನಿಂತಿರುವ ಕೆಳಸೇತುವೆಗೆ ವಾಹನ ಇಳಿಸದೆ ಹಿಂತಿರುಗಬೇಕು. ಇಳಿದ ಮೇಲೆ ಎಂಜಿನ್ ನಿಂತರೆ, ನೀರು ಬಾಗಿಲಿನ ಮಟ್ಟಕ್ಕೆ ಏರುವ ಮುನ್ನವೇ ಹೊರಬರಬೇಕು.