ಜೇನಿನ ಹದ ಹೇಳಿದ ಮೊಟ್ಟೆ

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅನುಕೂಲವಂತರ ಮನೆಗಳಲ್ಲಿ ಜೇನಿನಿಂದ ಸಿಹಿಮದ್ಯವನ್ನು ತಯಾರಿಸುತ್ತಿದ್ದರು. ಅದರ ಹೆಸರು ಮೀಡ್. ನಮ್ಮ ‘ಮಧು’ವಿಗೂ ಆ ಪದಕ್ಕೂ ಮೂಲ ಒಂದೇ. ಈ ಮನೆವಿದ್ಯೆಯನ್ನು ವಿವರವಾಗಿ ಬರೆದಿಟ್ಟವನು ಸರ್ ಕೆನೆಲ್ಮ್ ಡಿಗ್ಬಿ. ರಾಯಲ್ ಸೊಸೈಟಿಯ ಮೊದಲ ಸದಸ್ಯರಲ್ಲೊಬ್ಬನಾದ ಈತ 1665ರಲ್ಲಿ ತೀರಿಕೊಂಡ. ಅವನ ಪಾಕಸಂಗ್ರಹ ಮಗನ ಸಮ್ಮತಿಯಿಂದ 1669ರಲ್ಲಿ ಅಚ್ಚಾಯಿತು.

ನೀರಿಗೆ ಜೇನು ಎಷ್ಟು ಬೆರೆಸಬೇಕು? ಅಲ್ಲಿ ಮತ್ತೆ ಮತ್ತೆ ಬರುವ ಅಳತೆ ತಕ್ಕಡಿಯದಲ್ಲ, ಹಸಿ ಮೊಟ್ಟೆಯದು. ಬರಿಯ ನೀರಿನಲ್ಲಿ ತಾಜಾ ಮೊಟ್ಟೆ ಮುಳುಗುತ್ತದೆ. ಜೇನು ಬೆರೆತು ನೀರು ಸಾಂದ್ರವಾದಂತೆ ಮೇಲೇಳುತ್ತದೆ. ಹೊರಗೆ ಕಾಣುವ ಭಾಗ ಸಣ್ಣ ನಾಣ್ಯದಷ್ಟು ಅಗಲವಾದರೆ ಹದ ಸರಿ. ನಮ್ಮ ಅಜ್ಜಿಯರು ಬೆಲ್ಲದ ಪಾಕವನ್ನು ಬೆರಳ ನಡುವಿನ ಎಳೆಯಿಂದ ಅಳೆಯುತ್ತಿದ್ದರಲ್ಲವೇ, ಹಾಗೆಯೇ ಇದು. ಜೇನು ಹೇರಳವಾಗಿದ್ದರೆ ಯೀಸ್ಟ್ ತಾನೇ ಉಂಟುಮಾಡಿದ ಮದ್ಯಸಾರದಲ್ಲಿ ಸೋತು ಕೆಲಸ ನಿಲ್ಲಿಸುತ್ತದೆ; ಉಳಿದ ಸಕ್ಕರೆಯೇ ಪಾನೀಯದ ಸಿಹಿ. ಯೀಸ್ಟ್ ಒಂದು ಜೀವಿಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ಹದ ತಪ್ಪುತ್ತಿರಲಿಲ್ಲ.

ಈ ಜ್ಞಾನವೆಲ್ಲ ಡಿಗ್ಬಿಯ ಸ್ವಂತದ್ದಲ್ಲ. ಲೇಡಿ ಗೋವರ್, ಲೇಡಿ ವರ್ನನ್, ಲೇಡಿ ಮಾರಿಸ್ ಮುಂತಾದವರ ಹೆಸರುಗಳು ಪಾಕಗಳ ತಲೆಯ ಮೇಲೆಯೇ ಇವೆ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಗ್ರಂಥದ ಶೀರ್ಷಿಕೆಯಲ್ಲಿ ಮಾತ್ರ ಡಿಗ್ಬಿಯದೊಂದೇ ಹೆಸರು.