ಓದು, ವಿಮರ್ಶೆ, ಹಾಡು: ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಸಾಹಿತ್ಯ ಜೀವನ

ರಾಷ್ಟ್ರಕವಿ ಡಾ. ಜಿ.ಎಸ್. ಶಿವರುದ್ರಪ್ಪನವರು ಕವಿಯಾಗಿ, ವಿಮರ್ಶಕರಾಗಿ, ಅಧ್ಯಾಪಕರಾಗಿ, ಪ್ರವಾಸಕಥನಕಾರರಾಗಿ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ ಕನ್ನಡದ ಕೆಲಸ ಮಾಡಿದವರು. 1926ರ ಫೆಬ್ರುವರಿ 7ರಂದು ಜನಿಸಿ 2013ರ ಡಿಸೆಂಬರ್ 23ರಂದು ನಮ್ಮನ್ನು ಅಗಲಿದ ಈ ಹಿರಿಯರನ್ನು ನಾಡಿನ ಬಹುಪಾಲು ಜನ ಬಲ್ಲದ್ದು ಹಾಡುಗಳ ಮೂಲಕ. ಅವರ ಕವಿತೆಗೆ ಸಂದ ಈ ಭಾಗ್ಯ ಎಲ್ಲ ಕವಿಗಳಿಗೂ ಸಿಗುವಂಥದಲ್ಲ. ಆದರೆ ಕವಿಯ ಬರಹವೆಲ್ಲ ನಾಲ್ಕಾರು ಹಾಡುಗಳಲ್ಲಿಯೇ ಮುಗಿಯಿತೆಂಬ ಭಾವನೆ ಬೆಳೆದರೆ ನಷ್ಟ ನಮಗೇ. ಜನ್ಮಶತಮಾನೋತ್ಸವದ ಈ ಸಂದರ್ಭದಲ್ಲಿ ಅವರ ಓದು, ವಿಮರ್ಶೆ ಮತ್ತು ಹಾಡುಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದ್ದೇವೆ.

ಹುಟ್ಟು ಮತ್ತು ವ್ಯಾಸಂಗ

ಶಿವರುದ್ರಪ್ಪನವರು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. 1942ರ ಚಳವಳಿಯಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಊರು ಅದು. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯವರ ಉಡುತಡಿ ಇರುವುದೂ ಅದೇ ತಾಲ್ಲೂಕಿನಲ್ಲಿ. ತಂದೆ ಶಾಂತವೀರಪ್ಪನವರು ಶಾಲಾ ಶಿಕ್ಷಕರು, ತಾಯಿ ವೀರಮ್ಮನವರು.

ಮೈಸೂರಿನಲ್ಲಿ ವ್ಯಾಸಂಗ ಮಾಡಿ 1953ರಲ್ಲಿ ಕನ್ನಡ ಎಂ.ಎ. ಪದವಿಯನ್ನು ಸುವರ್ಣ ಪದಕಗಳೊಡನೆ ಪಡೆದರು. ಕುವೆಂಪು ಅವರ ಶಿಷ್ಯರಾಗಿ, ಅವರ ಮಾರ್ಗದರ್ಶನದಲ್ಲಿ 'ಸೌಂದರ್ಯ ಸಮೀಕ್ಷೆ' ಎಂಬ ಪ್ರಬಂಧವನ್ನು ಸಿದ್ಧಪಡಿಸಿ 1960ರಲ್ಲಿ ಡಾಕ್ಟರೇಟ್ ಪಡೆದರು. ಈ ಅಧ್ಯಯನದ ವಿಷಯವೇ ಅವರ ಮುಂದಿನ ದಾರಿಯನ್ನು ಸೂಚಿಸುತ್ತದೆ. ಕವಿತೆ ಬರೆಯುತ್ತಿದ್ದ ತರುಣರು ಕವಿತೆ ಚೆಲುವಾಗುವುದು ಯಾತರಿಂದ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿಕೊಂಡರು.

ಕವಿತೆ ಮತ್ತು ವಿಮರ್ಶೆ

ಮೊದಲ ಸಂಕಲನ 'ಸಾಮಗಾನ' 1951ರಲ್ಲಿ ಪ್ರಕಟವಾಯಿತು. 'ಚೆಲುವು-ಒಲವು', 'ದೇವಶಿಲ್ಪ', 'ದೀಪದ ಹೆಜ್ಜೆ', 'ಕಾರ್ತಿಕ', 'ತೆರೆದ ದಾರಿ', 'ಗೋಡೆ', 'ಪ್ರೀತಿ ಇಲ್ಲದ ಮೇಲೆ', 'ಚಕ್ರಗತಿ', 'ವ್ಯಕ್ತಮಧ್ಯ' ಅನಂತರ ಬಂದವುಗಳಲ್ಲಿ ಕೆಲವು. ನವೋದಯದ ಲಯದಲ್ಲಿ ಆರಂಭವಾದ ಕಾವ್ಯ ನವ್ಯದ ಮುಕ್ತ ಧಾಟಿಯನ್ನೂ ಪರೀಕ್ಷಿಸಿತು. ಆದರೆ ಯಾವುದೇ ಪಂಥಕ್ಕೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. ಅವರಿಗೆ 'ಸಮನ್ವಯ ಕವಿ' ಎಂಬ ಹೆಸರು ಬಂದುದು ಇದರಿಂದಲೇ.

ವಿಮರ್ಶಾ ಕ್ಷೇತ್ರದಲ್ಲಿ 'ವಿಮರ್ಶೆಯ ಪೂರ್ವ ಪಶ್ಚಿಮ', 'ಗತಿಬಿಂಬ', 'ಕಾವ್ಯಾರ್ಥ ಚಿಂತನ' ಮುಖ್ಯ ಕೃತಿಗಳು. 'ಕಾವ್ಯಾರ್ಥ ಚಿಂತನ'ಕ್ಕೆ 1984ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಹಾಡುಗಳಿಂದ ಮನೆಮಾತಾದ ಕವಿಗೆ ಅಕಾಡೆಮಿಯ ಗೌರವ ಬಂದುದು ವಿಮರ್ಶಾ ಗ್ರಂಥಕ್ಕೆ ಎಂಬುದನ್ನು ಗಮನಿಸಬೇಕು. 'ಮಾಸ್ಕೋದಲ್ಲಿ 22 ದಿನ', 'ಇಂಗ್ಲೆಂಡಿನಲ್ಲಿ ಚತುರ್ಮಾಸ' ಮೊದಲಾದ ಪ್ರವಾಸಕಥನಗಳು ಅವರ ಗದ್ಯದ ಇನ್ನೊಂದು ಮುಖ.

ಅಧ್ಯಾಪನ

ಮೈಸೂರಿನ ಬಳಿಕ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ, 1966ರಿಂದ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅವರು ಸೇವೆ ಸಲ್ಲಿಸಿದರು. ಅಲ್ಲಿಯ ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರಾಗಿ 'ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ'ಯ ಸಂಪುಟಗಳ ಹೊಣೆ ಹೊತ್ತರು. ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ ಮೊದಲಾದವರು ಬೆಳೆದುದು ಈ ಕೇಂದ್ರದ ವಾತಾವರಣದಲ್ಲಿ. ಅವರು ಬರೆದುದು ಗುರುಗಳ ಮಾದರಿಯಲ್ಲಲ್ಲ. ತನ್ನಂತೆ ಬರೆಯದವರಿಗೂ ಎಡೆಮಾಡಿಕೊಟ್ಟುದು ಸಮನ್ವಯವೆಂಬ ಮಾತಿನ ಆಚರಣೆಯ ರೂಪ.

ಹಾಡಾದ ಕವಿತೆ

ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರಿಂದ ಸುಗಮ ಸಂಗೀತ ಬೆಳೆದ ಕಾಲದಲ್ಲಿ ಶಿವರುದ್ರಪ್ಪನವರ ಭಾವಗೀತೆಗಳು ಪುಸ್ತಕದಿಂದ ವೇದಿಕೆಗೂ ಆಕಾಶವಾಣಿಗೂ ಧ್ವನಿಸುರುಳಿಗೂ ಬಂದವು. 'ಕಾಣದ ಕಡಲಿಗೆ' ಅಶ್ವತ್ಥರ ರಾಗಸಂಯೋಜನೆ ಮತ್ತು ಕಂಠದಲ್ಲಿ ನಾಡಿನ ಮೂಲೆ ಮೂಲೆಯನ್ನು ಮುಟ್ಟಿತು. ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' ಚಿತ್ರಕ್ಕೆ ವಿಜಯಭಾಸ್ಕರ್ ಅವರ ಸಂಗೀತದಲ್ಲಿ 'ಹಾಡು ಹಳೆಯದಾದರೇನು', 'ವೇದಾಂತಿ ಹೇಳಿದನು' ಕವಿತೆಗಳು ಸೇರಿದವು.

ಹಾಡುವಿಕೆ ಕವಿತೆಗೆ ಏನನ್ನು ಕೊಡುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಎರಡು ಕವಿತೆಗಳಿಂದ ತಿಳಿಯಬಹುದು. 'ವೇದಾಂತಿ ಹೇಳಿದನು' ಕವಿತೆಯಲ್ಲಿ ವೇದಾಂತಿ ಜಗತ್ತನ್ನು ಅಲ್ಲಗಳೆಯುವುದು, ಕವಿ ಅದಕ್ಕೆ ಮರುಮಾತು ಹೇಳುವುದು ಪದ್ಯದಿಂದ ಪದ್ಯಕ್ಕೆ ಆವರ್ತವಾಗುತ್ತದೆ. ಕಟ್ಟಡವೇ ಹೀಗಿರುವುದರಿಂದ ಒಂದೇ ಮಟ್ಟು ಎಲ್ಲ ಪದ್ಯಗಳಿಗೂ ಹೊಂದುತ್ತದೆ. ರಾಗ ವಾದವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. 'ಹಣತೆ'ಯ ರೀತಿ ಬೇರೆ. ಅಲ್ಲಿ ಕವಿ ದೀಪ ಹಚ್ಚುವುದಾಗಿ ಹೇಳಿ, ಕತ್ತಲನ್ನು ಸೋಲಿಸುವ ಹಟ ತನಗಿಲ್ಲವೆನ್ನುತ್ತಾರೆ. ಒಂದೊಂದೇ ದೊಡ್ಡ ಕಾರಣವನ್ನು ಬದಿಗಿಟ್ಟು ನಡೆದು, ಬೆಳಕಿರುವಷ್ಟು ಹೊತ್ತು ಪರಸ್ಪರ ಮುಖ ಕಾಣಲೆಂಬ ಚಿಕ್ಕ ಆಸೆಯಲ್ಲಿ ನಿಲ್ಲುತ್ತಾರೆ. ಕವಿತೆಯ ಶಕ್ತಿಯೆಲ್ಲ ಈ ಇಳಿಯುವ ಕ್ರಮದಲ್ಲಿದೆ. ಮೊದಲ ಸಾಲನ್ನು ಪಲ್ಲವಿಯಾಗಿಸಿ ಮತ್ತೆ ಮತ್ತೆ ಅಲ್ಲಿಗೇ ಮರಳಿದರೆ, ದೀಪ ಹಚ್ಚುವ ಉತ್ಸಾಹ ಉಳಿದು ಆ ವಿನಯ ಮರೆಯಾಗುತ್ತದೆ. ಇದು ನಿಧಾನವಾಗಿ ಗಟ್ಟಿಯಾಗಿ ಓದಬೇಕಾದ ಕವಿತೆ. 'ತೆರೆದ ದಾರಿ', 'ಗೋಡೆ' ಸಂಕಲನಗಳಲ್ಲಿಯೂ ಮುಕ್ತ ಲಯದ ಇಂಥ ರಚನೆಗಳಿವೆ. ರಾಗಕ್ಕೆ ಸುಲಭವಾಗಿ ಒಗ್ಗದೆ ಇರುವುದರಿಂದ ಅವು ಕೇಳುಗರಿಗೆ ಅಪರಿಚಿತವಾಗಿಯೇ ಉಳಿದಿವೆ.

ನಮ್ಮ ಭಾರತೀಯ ಕಾವ್ಯಮೀಮಾಂಸೆ ಕವಿಯ ಎದುರಿಗೆ ಸಹೃದಯನನ್ನು ಕೂರಿಸಿತು. ಸಹೃದಯನಿಲ್ಲದೆ ಕಾವ್ಯ ಪೂರ್ಣವಾಗದು ಎಂಬುದು ಅದರ ತಿಳಿವು. ಶಿವರುದ್ರಪ್ಪನವರ ಮೂರು ಕೆಲಸಗಳೂ ಈ ಸಹೃದಯನ ಕಡೆಗೇ ನಡೆದಂಥವು ಎಂದು ನಾವು ಭಾವಿಸುತ್ತೇವೆ. ಹಾಡು ಅವನನ್ನು ಕರೆಯುತ್ತದೆ, ಓದು ಕೂರಿಸುತ್ತದೆ, ವಿಮರ್ಶೆ ಅವನೊಡನೆ ಮಾತಿಗೆ ತೊಡಗುತ್ತದೆ. ಕರೆದು ಕೂರಿಸದೆ ಕಳುಹಿಸಿದರೆ ಅದು ಸತ್ಕಾರವಾಗದು.

ಮನ್ನಣೆ

1992ರಲ್ಲಿ ದಾವಣಗೆರೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1998ರಲ್ಲಿ ಪಂಪ ಪ್ರಶಸ್ತಿ ಅವರಿಗೆ ಸಂದವು. ಸುವರ್ಣ ಕರ್ನಾಟಕದ ವರ್ಷವಾದ 2006ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರಕವಿ ಗೌರವ ನೀಡಿತು. ಎಂ. ಗೋವಿಂದ ಪೈ, ಕುವೆಂಪು ಅವರ ಬಳಿಕ ಈ ಬಿರುದು ಪಡೆದ ಮೂರನೆಯ ಕನ್ನಡ ಕವಿ ಅವರು.

ಶತಮಾನೋತ್ಸವವನ್ನು ಹೇಗೆ ಆಚರಿಸಬೇಕು?

ಶಾಲಾ-ಕಾಲೇಜುಗಳ ಕಾರ್ಯಕ್ರಮಗಳಲ್ಲಿ ಎರಡು ಹಾಡು ಹಾಡಿಸಿ, ಭಾವಚಿತ್ರಕ್ಕೆ ಹಾರ ಹಾಕಿ, ಭಾಷಣದೊಂದಿಗೆ ಮುಗಿಸುವುದು ರೂಢಿಯಾಗಿದೆ. ಮಕ್ಕಳಿಗೆ ರಾಗ ಬರುತ್ತದೆ. ಬರೆದವರು ಯಾರೆಂದು ಕೇಳಿದರೆ ಹಾಡಿದವರ ಹೆಸರು ಹೇಳುತ್ತಾರೆ. ಇದು ಮಕ್ಕಳ ತಪ್ಪಲ್ಲ, ಹೇಳಿಕೊಡುವ ಕ್ರಮದ ಕೊರತೆ. ಹಾಡುವ ಮುನ್ನ ಕವಿಯ ಹೆಸರು ಮತ್ತು ಸಂಕಲನದ ಹೆಸರನ್ನು ತಿಳಿಸಬೇಕು. ಹಾಡಲಿರುವ ಕವಿತೆಯನ್ನು ಒಬ್ಬ ವಿದ್ಯಾರ್ಥಿ ರಾಗವಿಲ್ಲದೆ ಪೂರ್ತಿಯಾಗಿ ಓದಬೇಕು. ಹಾಡು ಮುಗಿದ ಬಳಿಕ ಹಾಡಿನಲ್ಲಿ ಯಾವ ಪದ್ಯ ಬಿಟ್ಟುಹೋಗಿದೆ, ಯಾಕೆ ಎಂದು ಹತ್ತು ನಿಮಿಷ ಮಾತನಾಡಬೇಕು. ಜೊತೆಗೆ ಎಲ್ಲಿಯೂ ಹಾಡಿಗೆ ಬಾರದ ಒಂದು ಕವಿತೆಯ ವಾಚನವಿರಲಿ. ಇದಕ್ಕೆ ವಾದ್ಯವೃಂದ ಬೇಕಿಲ್ಲ, ಖರ್ಚೂ ಇಲ್ಲ. ಗ್ರಂಥಾಲಯದ ಕಪಾಟಿನಿಂದ ಒಂದು ಪುಸ್ತಕ ಹೊರಬಂದರೆ ಸಾಕು.